ಜನಪದ ವೈದ್ಯದಲ್ಲಿ ಗುದಭ್ರಂಶ ಮತ್ತು ತುರ್ತು ಶಸ್ತ್ರಚಿಕಿತ್ಸೆ: ಪಿರಿಯಾಪಟ್ಟಣ ಪರಿಸರದ ಒಂದು ವಿವೇಚನೆ

ಪೀಠಿಕೆ

ಕನ್ನಡದಲ್ಲಿ ಜನಪದ ವೈದ್ಯವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಹಾವಿನ ಕಡಿತ, ಮೂಳೆ ಮುರಿತ, ಕಾಮಾಲೆ, ಬಾಣಂತಿಯ ಆರೈಕೆ, ಮಕ್ಕಳ ಬಾಲಗ್ರಹ ಮೊದಲಾದ ವಿಷಯಗಳ ಸುತ್ತ ಬೆಳೆದು ಬಂದಿವೆ. ಇವೆಲ್ಲವೂ ನಾಲ್ಕು ಜನರೆದುರು ಹೇಳಿಕೊಳ್ಳಬಹುದಾದ ಬೇನೆಗಳು. ಹೇಳಿಕೊಳ್ಳಲಾಗದ ಬೇನೆಗಳನ್ನು ಜನಪದ ಸಮುದಾಯ ಹೇಗೆ ಅರಿತುಕೊಂಡಿದೆ, ಹೇಗೆ ನಿಭಾಯಿಸಿದೆ ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅಂಥ ಬೇನೆಗಳಲ್ಲಿ ಗುದಭ್ರಂಶವೂ ಒಂದು. ಮಲಾಶಯವು ಗುದದ್ವಾರದ ಮೂಲಕ ಹೊರಕ್ಕೆ ಜಾರುವ ಈ ರೋಗ ಮೊದಲ ಹಂತದಲ್ಲಿ ಕೈಯಿಂದ ಸರಿಪಡಿಸಬಹುದಾದದ್ದು. ಕೊನೆಯ ಹಂತದಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ಪ್ರಾಣ ಉಳಿಯದು. ಈ ಎರಡು ಹಂತಗಳ ನಡುವಿನ ಎಲ್ಲೆಯನ್ನು ಜನಪದ ವೈದ್ಯ ಎಷ್ಟರಮಟ್ಟಿಗೆ ಗುರುತಿಸಿದೆ, ಆ ಎಲ್ಲೆಯನ್ನು ದಾಟಿದ ರೋಗಿ ಆಸ್ಪತ್ರೆಗೆ ತಡವಾಗಿ ಬರುವುದಕ್ಕೆ ಕಾರಣವೇನು ಎಂಬುದನ್ನು ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಯ ಪರಿಸರವನ್ನು ಅನುಲಕ್ಷಿಸಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರಿನ ಸಮಸ್ಯೆ

ಗುದಭ್ರಂಶ ಎಂಬುದು ಗ್ರಾಂಥಿಕ ಪದ. ಆಡುಮಾತಿನಲ್ಲಿ ಈ ರೋಗಕ್ಕೆ ಖಚಿತವಾದ ಹೆಸರಿಲ್ಲವೆಂದೇ ಹೇಳಬೇಕು. ಗುದವನ್ನು 'ಆಸನ' ಎಂಬ ಮರೆಮಾತಿನಿಂದ ಸೂಚಿಸುವ ರೂಢಿಯಿರುವುದರಿಂದ 'ಆಸನ ಹೊರಗೆ ಬರುತ್ತದೆ', 'ಕೆಳಗೆ ಜಾರುತ್ತದೆ' ಎಂಬ ಮಾತುಗಳು ಕೇಳಿಬರುತ್ತವೆ. ಬಹಳಷ್ಟು ಸಂದರ್ಭಗಳಲ್ಲಿ ಇದನ್ನೂ ಮೂಲವ್ಯಾಧಿ ಅಥವಾ ಮೊಳೆರೋಗವೆಂದೇ ಕರೆದುಬಿಡುತ್ತಾರೆ.

ಈ ಹೆಸರಿನ ಗೊಂದಲ ಕೇವಲ ಭಾಷಿಕವಾದುದಲ್ಲ. ಮೂಲವ್ಯಾಧಿಯಲ್ಲಿ ಹೊರಬರುವುದು ಉಬ್ಬಿದ ರಕ್ತನಾಳಗಳ ಗಂಟು. ಗುದಭ್ರಂಶದಲ್ಲಿ ಹೊರಬರುವುದು ಮಲಾಶಯದ ಪೂರ್ಣ ಭಿತ್ತಿ. ಮೂಲವ್ಯಾಧಿಯ ಗಂಟುಗಳ ನಡುವಿನ ಗೆರೆಗಳು ಚಕ್ರದ ಅರಗಳಂತೆ ನಡುವಿನಿಂದ ಹೊರಕ್ಕೆ ಹರಡಿರುತ್ತವೆ. ಜಾರಿದ ಮಲಾಶಯದ ಮೇಲಿನ ಮಡಿಕೆಗಳು ಒಂದರೊಳಗೊಂದು ಬಳೆ ಇಟ್ಟಂತೆ ವರ್ತುಲವಾಗಿರುತ್ತವೆ. ವೈದ್ಯರು ಕಣ್ಣಿನಿಂದ ನೋಡಿಯೇ ಈ ವ್ಯತ್ಯಾಸವನ್ನು ಗುರುತಿಸುತ್ತಾರೆ. ಹೆಸರು ತಪ್ಪಿದಲ್ಲಿ ಮದ್ದೂ ತಪ್ಪುತ್ತದೆ. ಮೂಲವ್ಯಾಧಿಗೆಂದು ದಾರ ಕಟ್ಟುವ, ಕ್ಷಾರ ಹಚ್ಚುವ, ಚುಚ್ಚುಮದ್ದು ಹಾಕುವ ಅನರ್ಹರ ಕೈಗೆ ಗುದಭ್ರಂಶದ ರೋಗಿ ಸಿಕ್ಕಿದರೆ ಸುಡುವುದು, ಬಿಗಿಯುವುದು ಕರುಳಿನ ಭಿತ್ತಿಯನ್ನೇ.

ರೋಗದ ಸ್ವರೂಪ

ಗುದಭ್ರಂಶ ಮುಖ್ಯವಾಗಿ ಬಾಲ್ಯ ಮತ್ತು ಮುಪ್ಪು ಎಂಬ ಎರಡು ವಯೋಮಾನಗಳಲ್ಲಿ ಕಾಣಿಸಿಕೊಳ್ಳುತ್ತದೆ. 4 ವರ್ಷದೊಳಗಿನ ಮಕ್ಕಳಲ್ಲಿ ಮಲಾಶಯ ಇನ್ನೂ ನೆಟ್ಟಗಿದ್ದು, ಅದರ ಒಳಪೊರೆ ಸಡಿಲವಾಗಿ ಅಂಟಿಕೊಂಡಿರುತ್ತದೆ. ಬಹುದಿನದ ಭೇದಿ, ಮಲಬದ್ಧತೆ, ಚಾಟಿಹುಳುವಿನ ಬಾಧೆ, ಅಪೌಷ್ಟಿಕತೆಗಳು ಸೇರಿದಾಗ ಒಳಪೊರೆ ಹೊರಕ್ಕೆ ಬರುತ್ತದೆ. ಮೂಲಕಾರಣವನ್ನು ಸರಿಪಡಿಸಿದರೆ ಬಹುಪಾಲು ಮಕ್ಕಳು ಶಸ್ತ್ರಚಿಕಿತ್ಸೆಯಿಲ್ಲದೆ ಗುಣವಾಗುತ್ತಾರೆ. ನಾಗರಹೊಳೆಯ ಅಂಚಿನ ಜೇನುಕುರುಬ, ಬೆಟ್ಟಕುರುಬ, ಯರವ ಹಾಡಿಗಳಲ್ಲಿ ಶುದ್ಧ ನೀರು ಮತ್ತು ಮಕ್ಕಳ ಪೌಷ್ಟಿಕತೆಯ ಪ್ರಶ್ನೆಯನ್ನು ಈ ರೋಗದಿಂದ ಬೇರ್ಪಡಿಸಿ ನೋಡಲಾಗದು.

ವಯಸ್ಕರಲ್ಲಿ ರೋಗದ ಸ್ವರೂಪವೇ ಬೇರೆ. 50 ವರ್ಷ ದಾಟಿದ ಹೆಂಗಸರಲ್ಲಿ ಇದು ಗಂಡಸರಿಗಿಂತ ಬಹಳ ಹೆಚ್ಚು. ಶ್ರೋಣಿಯ ತಳದ ಸ್ನಾಯುಗಳ ಸಡಿಲಿಕೆ, ವರ್ಷಗಟ್ಟಲೆಯ ಮಲಬದ್ಧತೆ ಮತ್ತು ತಿಣುಕುವಿಕೆ, ಬಿಡದ ಕೆಮ್ಮು ಇದಕ್ಕೆ ಎಡೆಮಾಡುತ್ತವೆ. ಹಲವು ಹೆರಿಗೆಗಳೂ ಕಾರಣವಾಗಬಹುದು. ಆದರೆ ಹೆರದ ಹೆಂಗಸರಲ್ಲಿಯೂ ರೋಗ ಉಂಟು. 1912ರಲ್ಲಿ ಮಾಸ್ಕೋವಿಟ್ಜ್ ಎಂಬ ಶಸ್ತ್ರವೈದ್ಯ ಇದನ್ನು ಒಂದು ಬಗೆಯ ಅಂಡವಾಯುವಿನಂತೆ, ಅಂದರೆ ಉದರಪೊರೆಯ ಆಳವಾದ ಚೀಲವೊಂದು ಮಲಾಶಯವನ್ನು ಮುಂದಿನಿಂದ ತಳ್ಳಿಕೊಂಡು ಜಾರುವ ಕ್ರಿಯೆಯಂತೆ ವಿವರಿಸಿದನು. 1968ರಲ್ಲಿ ಬ್ರೋಡೆನ್ ಮತ್ತು ಸ್ನೆಲ್‌ಮನ್ ಅವರು ಕ್ಷಕಿರಣ ಚಲನಚಿತ್ರದ ನೆರವಿನಿಂದ, ಮಲಾಶಯ ಮೊದಲು ತನ್ನೊಳಗೇ ಮಡಚಿಕೊಂಡು ಅನಂತರ ಕೆಳಗಿಳಿಯುತ್ತದೆಂದು ತೋರಿಸಿದರು.

ಬಯಲಿಗೆ ಹೋಗುವುದಕ್ಕೆ ಕತ್ತಲನ್ನು ಕಾಯಬೇಕಾಗಿದ್ದ ಹೆಂಗಸರ ಬದುಕನ್ನೂ ಇಲ್ಲಿ ನೆನೆಯಬೇಕು. ಮಲವನ್ನು ದಿನವೆಲ್ಲ ತಡೆಹಿಡಿಯುವ ಅಭ್ಯಾಸ ಮಲಬದ್ಧತೆಗೂ, ಅದು ತಿಣುಕುವಿಕೆಗೂ ದಾರಿಮಾಡುತ್ತದೆ. ರೋಗದ ಬೇರು ದೇಹದಲ್ಲಿರುವಷ್ಟೇ ಬದುಕಿನ ವ್ಯವಸ್ಥೆಯಲ್ಲಿಯೂ ಇರುತ್ತದೆ.

ಪರಂಪರೆಯ ಚಿಕಿತ್ಸೆಗಳು

ಭಾರತೀಯ ವೈದ್ಯದಲ್ಲಿ ಈ ರೋಗದ ಉಲ್ಲೇಖ ಪ್ರಾಚೀನವಾದುದು. ಸುಶ್ರುತ ಸಂಹಿತೆ ಗುದಭ್ರಂಶವನ್ನು ಕ್ಷುದ್ರರೋಗಗಳಲ್ಲಿ ಎಣಿಸಿ, ಒಣಗಿದ ದುರ್ಬಲ ದೇಹದವನಲ್ಲಿ ತಿಣುಕುವಿಕೆ ಮತ್ತು ಅತಿಸಾರಗಳಿಂದ ಗುದ ಹೊರಬೀಳುತ್ತದೆಂದು ಕಾರಣ ಹೇಳುತ್ತದೆ. ಚಿಕಿತ್ಸೆಯಾಗಿ ಹೊರಬಂದ ಭಾಗಕ್ಕೆ ಕಾವು ಕೊಟ್ಟು, ಸ್ನೇಹದ್ರವ್ಯ ಸವರಿ, ಮೆಲ್ಲನೆ ಒಳಸೇರಿಸಿ, ನಡುವೆ ರಂಧ್ರವಿರುವ ಚರ್ಮದಿಂದ ಗೋಫಣಬಂಧವೆಂಬ ಕಟ್ಟು ಹಾಕಬೇಕೆಂದು ವಿಧಿಸುತ್ತದೆ. ಮಲ, ವಾಯು ಹೊರಹೋಗಲು ರಂಧ್ರ. ಗುದ ಮತ್ತೆ ಜಾರದಂತೆ ಚರ್ಮದ ಆಸರೆ. ಹಾಲು, ಮಹಾಪಂಚಮೂಲ ಮತ್ತು ಕರುಳು ತೆಗೆದ ಇಲಿಯ ಮಾಂಸದಿಂದ ಸಿದ್ಧಪಡಿಸಿದ ತೈಲವನ್ನೂ ಅದು ಹೇಳುತ್ತದೆ. ಚರಕ ಸಂಹಿತೆಯ ಅತಿಸಾರ ಚಿಕಿತ್ಸೆಯಲ್ಲಿ ಚಾಂಗೇರಿ ಘೃತದ ವಿಧಾನವಿದೆ.

ಹಳ್ಳಿಯ ಮನೆಮದ್ದು ಈ ಕ್ರಮದಿಂದ ದೂರವಿಲ್ಲ. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಬೆರಳಿಗೆ ಹರಳೆಣ್ಣೆ ಅಥವಾ ಬೆಣ್ಣೆ ಸವರಿ, ಹೊರಬಂದುದನ್ನು ಒಳಕ್ಕೆ ಒತ್ತುವುದು, ಮೆತ್ತನೆಯ ಬಟ್ಟೆಯನ್ನು ಬಿಸಿಮಾಡಿ ಶಾಖ ಕೊಡುವುದು, ವಯಸ್ಸಾದವರು ಹಳೆಸೀರೆಯ ತುಂಡನ್ನು ಲಂಗೋಟಿಯಂತೆ ಬಿಗಿದುಕೊಳ್ಳುವುದು ಇಂಥ ಕ್ರಮಗಳು. ಸುಶ್ರುತನ ಗೋಫಣಬಂಧಕ್ಕೂ ಅಜ್ಜಿಯ ಬಟ್ಟೆಯ ಕಟ್ಟಿಗೂ ಇರುವ ತತ್ತ್ವ ಒಂದೇ.

ಔಷಧಿ ಸಸ್ಯಗಳಲ್ಲಿ ಮುಟ್ಟಿದರೆ ಮುನಿ ಅಥವಾ ನಾಚಿಕೆಮುಳ್ಳಿಗೆ ಇಲ್ಲಿ ವಿಶೇಷ ಸ್ಥಾನವಿದೆ. ಮುಟ್ಟಿದೊಡನೆ ಎಲೆಯನ್ನು ಒಳಕ್ಕೆ ಮುಚ್ಚಿಕೊಳ್ಳುವ ಗಿಡ, ಹೊರಬಂದ ಅಂಗವನ್ನೂ ಒಳಕ್ಕೆ ಎಳೆಯಬಲ್ಲದೆಂಬ ಸಾದೃಶ್ಯದ ತರ್ಕ ಈ ಬಳಕೆಯಲ್ಲಿ ಎದ್ದು ಕಾಣುತ್ತದೆ. ಜೇಮ್ಸ್ ಫ್ರೇಜರ್ ತನ್ನ 'ದಿ ಗೋಲ್ಡನ್ ಬೋ' (1890) ಕೃತಿಯಲ್ಲಿ ವಿವರಿಸಿದ ಅನುಕರಣ ಮಾಂತ್ರಿಕತೆಗೆ ಇದು ಹತ್ತಿರವಾಗಿದೆ. ಈ ಗಿಡದ ಮೂಲ ಅಮೆರಿಕ ಖಂಡ. ಯುರೋಪಿನವರ ಹಡಗುಗಳು ಬಂದ ಮೇಲೆ ಇಲ್ಲಿಗೆ ಹರಡಿದ ಸಸ್ಯವಿದು. ಜನಪದ ವೈದ್ಯ ಅನಾದಿಯಿಂದ ಅಚಲವಾಗಿ ನಿಂತ ಜ್ಞಾನವೆಂಬ ಭಾವನೆಯನ್ನು ಈ ಒಂದು ಗಿಡವೇ ಅಲ್ಲಗಳೆಯುತ್ತದೆ. ಹೊರಗಿನಿಂದ ಬಂದುದನ್ನು ಪರೀಕ್ಷಿಸಿ ತನ್ನದಾಗಿಸಿಕೊಂಡ ಪರಂಪರೆಗೆ ಶಸ್ತ್ರಚಿಕಿತ್ಸೆಯನ್ನು ಒಪ್ಪಿಕೊಳ್ಳುವುದೂ ಅಸಾಧ್ಯವಾಗಲಾರದು.

ಡಾನ್ ಯೋಡರ್ 1972ರ ತನ್ನ ಪ್ರಬಂಧದಲ್ಲಿ ಜನಪದ ವೈದ್ಯವನ್ನು ನೈಸರ್ಗಿಕ ಮತ್ತು ಮಾಂತ್ರಿಕ-ಧಾರ್ಮಿಕ ಎಂದು ಎರಡಾಗಿ ವಿಂಗಡಿಸಿದ್ದಾನೆ. ಎಣ್ಣೆ, ಶಾಖ, ಕಟ್ಟುಗಳು ಮೊದಲನೆಯ ಬಗೆಗೆ ಸೇರುತ್ತವೆ. ಎರಡನೆಯ ಬಗೆಯಲ್ಲಿ ಕಣ್ಣು, ಕೈ, ಕಾಲುಗಳ ಬೆಳ್ಳಿಯ ತಗಡನ್ನು ದೇವರಿಗೆ ಒಪ್ಪಿಸುವ ಹರಕೆಗಳುಂಟು. ಗುದದಂಥ ಅಂಗ ಹರಕೆಯ ಈ ಸಾಲಿನಲ್ಲಿ ಸಾಮಾನ್ಯವಾಗಿ ಕಾಣಸಿಗುವುದಿಲ್ಲ. ದೇವರೆದುರಿಗೂ ಹೇಳಿಕೊಳ್ಳಲಾಗದ ಬೇನೆಯನ್ನು ವೈದ್ಯನೆದುರು ಹೇಳಿಕೊಳ್ಳುವುದು ಇನ್ನೂ ಕಷ್ಟ.

ಹಸುವಿಗೊಂದು, ಮನುಷ್ಯರಿಗೊಂದು

ಈ ಪ್ರದೇಶ ಪಶುಪಾಲನೆಗೆ ಹೆಸರಾದುದು. ಹುಣಸೂರು 19ನೆಯ ಶತಮಾನದಲ್ಲಿ ಅಮೃತಮಹಲ್ ದನಗಳ ಆಡಳಿತದ ನೆಲೆಯಾಗಿತ್ತು. ಕನ್ನಡದಲ್ಲಿ ಪಶುವೈದ್ಯಕ್ಕೆ 12ನೆಯ ಶತಮಾನದ ಕೀರ್ತಿವರ್ಮನ 'ಗೋವೈದ್ಯ'ದಷ್ಟು ಹಿಂದಿನ ಗ್ರಂಥಪರಂಪರೆಯಿದೆ. ಕರು ಹಾಕಿದ ಹಸುವಿನ ಗರ್ಭಕೋಶ ಹೊರಬಿದ್ದಾಗ ರೈತರು ನಡೆದುಕೊಳ್ಳುವ ರೀತಿ ಗಮನಾರ್ಹವಾಗಿದೆ. ಸುದ್ದಿ ಆ ಕ್ಷಣದಲ್ಲೇ ಅಕ್ಕಪಕ್ಕದವರಿಗೆ ಮುಟ್ಟುತ್ತದೆ. ನಾಯಿ, ಕಾಗೆಗಳು ಬಾಯಿ ಹಾಕದಂತೆ ಒಬ್ಬರು ಕಾವಲು ನಿಲ್ಲುತ್ತಾರೆ. ಹೊರಬಿದ್ದ ಭಾಗವನ್ನು ಶುದ್ಧ ನೀರಿನಿಂದ ತೊಳೆದು, ಒದ್ದೆ ಬಟ್ಟೆ ಹೊದಿಸಿ, ಹಸುವಿನ ಹಿಂಭಾಗ ಎತ್ತರವಾಗುವಂತೆ ನಿಲ್ಲಿಸಿ, ರಾತ್ರಿಯಾದರೂ ಸರಿ ಪಶುವೈದ್ಯರನ್ನು ಕರೆತರುತ್ತಾರೆ. ತಡವಾದರೆ ಹಸು ಉಳಿಯದೆಂಬ ಅರಿವು ಎಲ್ಲರಿಗೂ ಉಂಟು. ಲೋಳೆಸರ, ಅರಿಶಿನ ಮತ್ತು ಮುಟ್ಟಿದರೆ ಮುನಿಯನ್ನು ಒಳಗೊಂಡ ಲೇಪನವನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ ಹಸುಗಳ ಇಂಥ ತೊಂದರೆಗೆ ಪ್ರಚಾರಪಡಿಸಿದೆ.

ಅದೇ ಮನೆಯ ಮುದುಕಿಗೆ ಆಸನ ಜಾರುತ್ತಿದ್ದರೆ ಸುದ್ದಿ ಸೊಸೆಗೂ ತಿಳಿಯುವುದಿಲ್ಲ. ಪ್ರತಿದಿನ ಬಹಿರ್ದೆಸೆಯ ಬಳಿಕ ಆಕೆ ತಾನೇ ಕೈಯಿಂದ ಒಳಕ್ಕೆ ತಳ್ಳಿಕೊಳ್ಳುತ್ತಾಳೆ. ಬಟ್ಟೆಗೆ ಅಂಟುವ ಲೋಳೆ, ರಕ್ತಗಳನ್ನು ಮರೆಯಲ್ಲಿ ಒಗೆದುಕೊಳ್ಳುತ್ತಾಳೆ. ಮಲದ ಹಿಡಿತ ತಪ್ಪಿದ ಮೇಲೆ ಮದುವೆ, ಜಾತ್ರೆ, ಬಸ್ಸಿನ ಪ್ರಯಾಣಗಳನ್ನು ನೆಪ ಹೇಳಿ ತಪ್ಪಿಸಿಕೊಳ್ಳುತ್ತಾಳೆ. ಹೀಗೆ ವರ್ಷಗಳು ಉರುಳುತ್ತವೆ. ಹಸುವಿನ ವಿಷಯದಲ್ಲಿ ತುರ್ತೆಂದು ಗುರುತಿಸಲ್ಪಡುವ ಸ್ಥಿತಿ ಹೆಂಗಸಿನ ವಿಷಯದಲ್ಲಿ ಮೌನಕ್ಕೆ ಸಲ್ಲುತ್ತದೆ. ಅರಿವು ಇದೆ; ಅದು ಕೊಟ್ಟಿಗೆಯಿಂದ ಮನೆಯೊಳಕ್ಕೆ ದಾಟಿ ಬರುವುದಕ್ಕೆ ನಾಚಿಕೆ ಅಡ್ಡವಾಗಿದೆ.

ತೊಡಕಿನ ಘಟ್ಟ

ದಿನವೂ ಒಳಹೋಗುತ್ತಿದ್ದ ಮಲಾಶಯ ಒಂದು ದಿನ ಹೋಗದಿರಬಹುದು. ತೊಡಕು ಆರಂಭವಾಗುವುದು ಇಲ್ಲಿ. ಹೊರಬಂದ ಕರುಳಿನ ಬುಡವನ್ನು ಗುದದ ಸಂಕೋಚಕ ಸ್ನಾಯು ಬಳೆಯಂತೆ ಬಿಗಿಯುತ್ತದೆ. ತೆಳುಭಿತ್ತಿಯ ಸಿರೆಗಳು ಮೊದಲು ಮುಚ್ಚಿಕೊಳ್ಳುವುದರಿಂದ ರಕ್ತ ಒಳಬರುತ್ತದೆ, ಹಿಂದಿರುಗುವುದಿಲ್ಲ. ಭಾಗ ಊದಿಕೊಳ್ಳುತ್ತದೆ, ಊದಿದಷ್ಟೂ ಬಿಗಿತ ಹೆಚ್ಚುತ್ತದೆ, ಬಿಗಿತ ಹೆಚ್ಚಿದಷ್ಟೂ ಬಾವು ಹೆಚ್ಚುತ್ತದೆ. ಕೊನೆಗೆ ಅಪಧಮನಿಯ ಹರಿವೂ ನಿಂತು ಕರುಳಿನ ಭಿತ್ತಿ ಸಾಯತೊಡಗುತ್ತದೆ. ಇದೇ ಕೊಳೆತ, ವೈದ್ಯರ ಮಾತಿನಲ್ಲಿ ಗ್ಯಾಂಗ್ರಿನ್. ಅಪರೂಪಕ್ಕೆ ಹೊರಬಂದ ಮಲಾಶಯದ ಭಿತ್ತಿ ಹರಿದು ಸಣ್ಣಕರುಳೇ ಹೊರಬರುವ ಭೀಕರ ಸಂದರ್ಭಗಳೂ ವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ.

ಬಣ್ಣವೇ ಇಲ್ಲಿ ಮುಖ್ಯ ಸೂಚಕ. ಜೀವಂತ ಭಾಗ ಕೆಂಪು ಅಥವಾ ಗುಲಾಬಿ ಬಣ್ಣದಲ್ಲಿ ಒದ್ದೆಯಾಗಿ ಹೊಳೆಯುತ್ತದೆ. ನೇರಳೆ, ಕಪ್ಪು ಅಥವಾ ಬೂದು ಬಣ್ಣ, ಕೆಟ್ಟ ವಾಸನೆ, ಕಡಿಮೆಯಾಗದ ನೋವು ಅಥವಾ ಇದ್ದಕ್ಕಿದ್ದಂತೆ ಸ್ಪರ್ಶಜ್ಞಾನ ಇಲ್ಲವಾಗುವುದು, ಜ್ವರ, ಹೊಟ್ಟೆಯುಬ್ಬರ ಇವು ಎಲ್ಲೆ ಮೀರಿದ ಗುರುತುಗಳು. ಈ ಘಟ್ಟದಲ್ಲಿ ಎಣ್ಣೆ ಸವರಿ ಒತ್ತುವುದು ಅಪಾಯಕಾರಿ. ಸತ್ತ ಕರುಳನ್ನು ಒಳಕ್ಕೆ ತಳ್ಳಿದರೆ ಅದು ಒಳಗೆ ತೂತುಬಿದ್ದು ಸೋಂಕು ದೇಹವನ್ನೆಲ್ಲ ವ್ಯಾಪಿಸಬಹುದು.

ತುರ್ತು ಚಿಕಿತ್ಸೆಯ ಕ್ರಮ

ಆಸ್ಪತ್ರೆಯಲ್ಲಿ ಮೊದಲು ನಿರ್ಧರಿಸುವುದು ಭಾಗ ಜೀವಂತವಾಗಿದೆಯೇ ಎಂಬುದನ್ನು. ಜೀವಂತವಾಗಿದ್ದರೆ ನೋವುನಿವಾರಕ, ಮಂಪರು ಅಥವಾ ಅರಿವಳಿಕೆ ಕೊಟ್ಟು, ತಲೆಭಾಗ ತಗ್ಗಿಸಿ ಮಲಗಿಸಿ, ಮೃದುವಾದ ನಿರಂತರ ಒತ್ತಡದಿಂದ ಒಳಸೇರಿಸಲು ಯತ್ನಿಸುತ್ತಾರೆ. ಬಾವು ಹೆಚ್ಚಾಗಿದ್ದರೆ ಅಡುಗೆಮನೆಯ ಸಕ್ಕರೆಯೇ ಔಷಧವಾಗುತ್ತದೆ. ಹೊರಬಂದ ಭಾಗದ ಮೇಲೆ ಧಾರಾಳವಾಗಿ ಉದುರಿಸಿದ ಸಕ್ಕರೆ ಪರಾಸರಣದಿಂದ ಊತದ ನೀರನ್ನು ಹೊರಕ್ಕೆ ಎಳೆಯುತ್ತದೆ. ಕೆಲವು ನಿಮಿಷಗಳಲ್ಲಿ ಭಾಗ ಕುಗ್ಗಿ ಒಳಸರಿಯಲು ಅನುವಾಗುತ್ತದೆ. ಪಶುವೈದ್ಯದಲ್ಲಿ ಬಹುಕಾಲದಿಂದ ರೂಢಿಯಲ್ಲಿದ್ದ ಈ ಉಪಾಯವನ್ನು ಮನುಷ್ಯರಲ್ಲಿ ಬಳಸಿದ ಬಗೆಯನ್ನು 1991ರಲ್ಲಿ ಅಮೆರಿಕದ ಮೈಯರ್ಸ್ ಮತ್ತು ರಾಥನ್‌ಬರ್ಗರ್ ಎಂಬ ಶಸ್ತ್ರವೈದ್ಯರು ವರದಿ ಮಾಡಿದರು. ಕೊಟ್ಟಿಗೆಯ ಜ್ಞಾನ ಶಸ್ತ್ರಾಗಾರವನ್ನು ತಲುಪಿದ ನಿದರ್ಶನವಿದು.

ಹೀಗೆ ಒಳಸೇರಿದ ರೋಗಿಗೆ ಅನಂತರ ಯೋಜಿತ ಶಸ್ತ್ರಚಿಕಿತ್ಸೆ ಮಾಡಬಹುದು. ಹೊಟ್ಟೆಯ ಮೂಲಕ ಮಲಾಶಯವನ್ನು ಮೇಲಕ್ಕೆತ್ತಿ ಬೆನ್ನಿನ ತ್ರಿಕಾಸ್ಥಿಗೆ ಬಂಧಿಸುವುದು ಒಂದು ಬಗೆ; ಗುದದ ಮೂಲಕವೇ ಸರಿಪಡಿಸುವುದು ಇನ್ನೊಂದು. ಒಳಪೊರೆಯನ್ನಷ್ಟೇ ಸುಲಿದು ಸ್ನಾಯುಭಿತ್ತಿಯನ್ನು ನೆರಿಗೆ ಹಿಡಿದು ಹೊಲಿಯುವ ವಿಧಾನವನ್ನು 1900ರಲ್ಲಿ ಡೆಲೋರ್ಮ್ ಪ್ರಕಟಿಸಿದನು. ಹೊಟ್ಟೆಯಲ್ಲಿ ಸಣ್ಣ ರಂಧ್ರಗಳ ಮೂಲಕ ಬಲೆ ಅಳವಡಿಸುವ ವಿಧಾನವನ್ನು ಡೆ ಹೂರೆ ಮತ್ತು ಸಂಗಡಿಗರು 2004ರಲ್ಲಿ ವಿವರಿಸಿದರು.

ಕರುಳು ಕೊಳೆತಿದ್ದರೆ ಆಯ್ಕೆಗಳು ಕಿರಿದಾಗುತ್ತವೆ. ಸತ್ತ ಭಾಗವನ್ನು ತೆಗೆಯಲೇಬೇಕು. ಸಾಮಾನ್ಯವಾಗಿ ಕೈಗೊಳ್ಳುವುದು ಗುದಮಾರ್ಗದ ಮಲಾಶಯ ಛೇದನವನ್ನು. 1889ರಲ್ಲಿ ಮಿಕುಲಿಚ್ ವರ್ಣಿಸಿದ ಈ ವಿಧಾನ, ಆಲ್ಟೆಮೆಯರ್ 1971ರಲ್ಲಿ ತನ್ನ 19 ವರ್ಷಗಳ ಅನುಭವವನ್ನು ಪ್ರಕಟಿಸಿದ ಮೇಲೆ ಆತನ ಹೆಸರಿನಿಂದಲೇ ಪ್ರಸಿದ್ಧವಾಯಿತು. ದ್ರವ, ಪ್ರತಿಜೈವಿಕಗಳನ್ನು ರಕ್ತನಾಳದ ಮೂಲಕ ಕೊಟ್ಟು ರೋಗಿಯನ್ನು ಸಿದ್ಧಗೊಳಿಸುತ್ತಾರೆ. ಗುದದೊಳಗಿನ ದಂತುರ ರೇಖೆಯಿಂದ 1–2 ಸೆಂ.ಮೀ. ಅಂತರದಲ್ಲಿ, ಹೊರಬಂದ ಕರುಳಿನ ಹೊರಪದರವನ್ನು ಸುತ್ತಲೂ ಕೊಯ್ಯುತ್ತಾರೆ. ಉದರಪೊರೆಯ ಚೀಲವನ್ನು ತೆರೆದು, ಮಲಾಶಯದ ಹಿಂದಿನ ರಕ್ತನಾಳಗಳನ್ನು ಒಂದೊಂದಾಗಿ ಕಟ್ಟಿ, ಜೀವಂತ ಕರುಳು ಸಿಗುವವರೆಗೆ ಕೆಳಕ್ಕೆ ಎಳೆದುಕೊಳ್ಳುತ್ತಾರೆ. ಸಡಿಲಗೊಂಡ ಶ್ರೋಣಿತಳದ ಸ್ನಾಯುಗಳನ್ನು ಸಾಧ್ಯವಾದರೆ ಹೊಲಿದು ಬಿಗಿಗೊಳಿಸುತ್ತಾರೆ. ಕೊಳೆತ ಭಾಗವನ್ನು ಕತ್ತರಿಸಿ, ಆರೋಗ್ಯವಂತ ಕರುಳಿನ ತುದಿಯನ್ನು ಗುದದ ಅಂಚಿಗೆ ಜೋಡಿಸುತ್ತಾರೆ. ಹೊಟ್ಟೆಯನ್ನು ಕೊಯ್ಯಬೇಕಾಗಿಲ್ಲವಾದುದರಿಂದ ಸೊಂಟದ ಕೆಳಭಾಗಕ್ಕಷ್ಟೇ ಮರಗಟ್ಟಿಸುವ ಅರಿವಳಿಕೆಯಲ್ಲಿಯೂ ಇದನ್ನು ನಡೆಸಬಹುದು; ವೃದ್ಧರಿಗೆ ಇದೊಂದು ವರ.

ಊತವೇರಿದ ಅಂಗಾಂಶದಲ್ಲಿ ಹೊಲಿದ ಜೋಡಣೆ ಸೋರುವ ಭಯ ಇದ್ದೇ ಇರುತ್ತದೆ. ಅಂಥಲ್ಲಿ ಹೊಟ್ಟೆಯ ಮೇಲೆ ತಾತ್ಕಾಲಿಕ ಮಲದ್ವಾರ ನಿರ್ಮಿಸಿ ಜೋಡಣೆಗೆ ವಿಶ್ರಾಂತಿ ಕೊಡುತ್ತಾರೆ. ಕೊಳೆತ ಹೊಟ್ಟೆಯೊಳಕ್ಕೂ ಹಬ್ಬಿದ್ದರೆ ಹೊಟ್ಟೆಯನ್ನೇ ತೆರೆಯಬೇಕಾಗುತ್ತದೆ. ಗುಣವಾದ ಮೇಲೂ ರೋಗ ಮರುಕಳಿಸಬಹುದು. ಮಲದ ಹಿಡಿತ ಪೂರ್ತಿಯಾಗಿ ಮರಳದೆಯೂ ಇರಬಹುದು. ಮೊದಲೇ ಬಂದಿದ್ದರೆ ಎಣ್ಣೆ, ಸಕ್ಕರೆಗಳಿಂದ ಒಳಹೋಗುತ್ತಿದ್ದುದು ತಡವಾದ್ದರಿಂದ ಕರುಳಿನ ಒಂದು ಭಾಗವನ್ನೇ ಬೇಡುತ್ತದೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಹಿಡಿದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ದೂರ ಮತ್ತು ತಡ

ಪಿರಿಯಾಪಟ್ಟಣದಿಂದ ಮೈಸೂರಿಗೆ ಸುಮಾರು 70 ಕಿ.ಮೀ., ಹೆಗ್ಗಡದೇವನಕೋಟೆಯಿಂದ ಸುಮಾರು 50 ಕಿ.ಮೀ. ಕಾಡಂಚಿನ ಹಾಡಿಗಳಿಂದ ತಾಲ್ಲೂಕು ಕೇಂದ್ರಕ್ಕೆ ಬರುವ ದಾರಿ ಬೇರೆ. 1924ರಲ್ಲಿ ಸ್ಥಾಪಿತವಾದ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಕೃಷ್ಣರಾಜೇಂದ್ರ ಆಸ್ಪತ್ರೆ ಈ ನಾಲ್ಕೂ ತಾಲ್ಲೂಕುಗಳ ಜನರಿಗೆ 'ದೊಡ್ಡಾಸ್ಪತ್ರೆ'. ಹೆಗ್ಗಡದೇವನಕೋಟೆಯ ಕಡೆ 1984ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆ ಸರಗೂರಿನಲ್ಲಿ ಆಸ್ಪತ್ರೆ ನಡೆಸುತ್ತಿದೆ. 2008ರ ನವೆಂಬರ್‌ನಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆ ರಸ್ತೆಯ ದೂರವನ್ನು ಬಹಳಷ್ಟು ಕಡಿಮೆ ಮಾಡಿದೆ.

ಉಳಿದಿರುವುದು ರಸ್ತೆಗೆ ಬರುವುದಕ್ಕೆ ಮುಂಚಿನ ದೂರ. ಪಿರಿಯಾಪಟ್ಟಣ, ಹುಣಸೂರು ಹೊಗೆಸೊಪ್ಪಿನ ಸೀಮೆ. ಸೊಪ್ಪು ಮುರಿಯುವ, ಕಡ್ಡಿಗೆ ಕಟ್ಟುವ, ಬ್ಯಾರನ್‌ಗೆ ಏರಿಸುವ ದಿನಗಳಲ್ಲಿ ಮನೆಯ ಪ್ರತಿಯೊಂದು ಕೈಯೂ ಬೇಕು. ಒಂದು ಬ್ಯಾರನ್ ಬೇಯುವುದಕ್ಕೆ 5ರಿಂದ 7 ದಿನ ಹಗಲಿರುಳು ಉರಿ ಕಾಯಬೇಕು. ಅಂಥ ದಿನಗಳಲ್ಲಿ 'ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ' ಎಂದು ವಯಸ್ಸಾದ ಹೆಂಗಸು ಬಾಯಿ ಬಿಡುವುದು ಸುಲಭವಲ್ಲ. 'ಹಬ್ಬ ಕಳೆಯಲಿ, ಸೊಪ್ಪು ಮಾರಾಟವಾಗಲಿ' ಎಂಬ ಮುಂದೂಡಿಕೆಯಲ್ಲಿ ದಿನಗಳು ಕಳೆಯುತ್ತವೆ. ಬಿಗಿತಕ್ಕೊಳಗಾದ ಕರುಳಿಗೆ ಉಳಿದಿರುವುದು ಗಂಟೆಗಳ ಲೆಕ್ಕ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಗುದಭ್ರಂಶದ ಮೊದಲ ಹಂತದಲ್ಲಿ ಜನಪದ ವೈದ್ಯ ಅನುಸರಿಸುವ ಎಣ್ಣೆ, ಮೃದು ಒತ್ತಡ, ಆಸರೆಯ ಕಟ್ಟುಗಳು ಶಾಸ್ತ್ರೀಯ ವೈದ್ಯಕ್ಕೆ ವಿರುದ್ಧವಾದುವಲ್ಲ. ಅವುಗಳಿಂದ ರೋಗ ಮೂಲತಃ ವಾಸಿಯಾಗದಿದ್ದರೂ ಅಂದಿನ ಅಪಾಯ ತಪ್ಪುತ್ತದೆ. ಕರುಳು ಒಳಹೋಗದಿದ್ದಾಗ ಅಥವಾ ಬಣ್ಣ ಬದಲಾದಾಗ ಈ ಕ್ರಮಗಳ ಅಧಿಕಾರ ಮುಗಿಯುತ್ತದೆ. ಆ ಎಲ್ಲೆಯ ಅರಿವೂ ಜನಪದರಿಗೆ ಹೊಸತಲ್ಲ. ಹಸುವಿನ ವಿಷಯದಲ್ಲಿ ಅವರು ಅದನ್ನು ಪ್ರತಿಸಲವೂ ಪಾಲಿಸುತ್ತಾರೆ.

ಆದ್ದರಿಂದ ಆರೋಗ್ಯ ಶಿಕ್ಷಣವನ್ನು ರೂಪಿಸುವವರು ಜನರಿಗೆ ಹೊಸ ಜ್ಞಾನವನ್ನು ಹೇರುವುದಕ್ಕಿಂತ, ಅವರಲ್ಲಿರುವ ಈ ಅರಿವನ್ನೇ ಆಧಾರವಾಗಿ ಇಟ್ಟುಕೊಳ್ಳುವುದು ಉಚಿತ. ಹೆಂಗಸರ ದೇಹದ ಗುಟ್ಟುಗಳನ್ನು ಕೇಳಿಸಿಕೊಳ್ಳುವ ಹಕ್ಕನ್ನು ಪರಂಪರೆ ಸೂಲಗಿತ್ತಿಗೆ ಕೊಟ್ಟಿತ್ತು. ಹೆರಿಗೆಗಳು ಆಸ್ಪತ್ರೆಗೆ ಸಾಗಿದ ಮೇಲೆ ಆ ಕೇಳುವ ಕಿವಿ ಮನೆಬಾಗಿಲಿನಿಂದ ದೂರವಾಯಿತು. 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಆಶಾ ಕಾರ್ಯಕರ್ತೆ ಬಸುರಿ, ಬಾಣಂತಿ, ಕೂಸುಗಳನ್ನು ವಿಚಾರಿಸುವಷ್ಟೇ ಸಹಜವಾಗಿ ಮನೆಯ ಮುದುಕಿಯನ್ನೂ 'ಅಜ್ಜಿ, ಆಸನದ ತೊಂದರೆ ಏನಾದರೂ ಉಂಟೇ?' ಎಂದು ಕೇಳುವಂತಾದರೆ ಬಹಳಷ್ಟು ಶಸ್ತ್ರಚಿಕಿತ್ಸೆಗಳು ತುರ್ತಿನದಾಗದೆ ಯೋಜಿತವಾದುವಾಗಬಲ್ಲವು. ನಾಟಿವೈದ್ಯರ ಪಾತ್ರವೂ ಇಲ್ಲಿ ಹಿರಿದು. ಬಣ್ಣ ಕಪ್ಪಾದುದನ್ನು ಕಂಡು 'ಇದು ನನ್ನ ಕೈಮೀರಿದ್ದು, ಈಗಲೇ ಮೈಸೂರಿಗೆ ಹೊರಡಿ' ಎನ್ನುವ ನಾಟಿವೈದ್ಯನ ಮಾತಿಗೆ ಮನೆಯವರು ಕೊಡುವ ಬೆಲೆ ದೊಡ್ಡದು.

ಜನಪದ ವೈದ್ಯದ ಸಂಗ್ರಾಹಕರು ಇದುವರೆಗೆ ಯಾವ ರೋಗಕ್ಕೆ ಯಾವ ಮದ್ದು ಎಂಬ ಪಟ್ಟಿಗಳನ್ನು ಶ್ರಮವಹಿಸಿ ಸಿದ್ಧಪಡಿಸಿದ್ದಾರೆ. ಮದ್ದನ್ನು ಯಾವಾಗ ನಿಲ್ಲಿಸಬೇಕು, ರೋಗಿಯನ್ನು ಯಾವ ಗುರುತು ಕಂಡಾಗ ಕಳುಹಿಸಿಬಿಡಬೇಕು ಎಂಬ ತಿಳಿವಳಿಕೆಯನ್ನೂ ಅದೇ ಶ್ರದ್ಧೆಯಿಂದ ದಾಖಲಿಸುವ ಕೆಲಸ ಮುಂದಿನ ಸಂಶೋಧಕರಿಂದ ನಡೆಯಬೇಕಾಗಿದೆ.